ಕೇಳಿ, ಹೇಳ್ತೀನಿ: ರೆಪ್ಪೆ ನೇರಳೆಯಾದರೆ ತೊಡೆಗೆ ಯಾಕೆ ಎಂಆರ್‌ಐ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಏಳು ವರ್ಷ. ದೀಪಾವಳಿ ಕಳೆದ ಮೇಲೆ ಕಣ್ಣಿನ ರೆಪ್ಪೆ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತು. ಕಾಡಿಗೆ ಆಗಿಬರಲಿಲ್ಲ ಅಂದುಕೊಂಡು ಹಚ್ಚುವುದು ಬಿಟ್ಟೆವು. ಆಮೇಲೆ ಸುಸ್ತು ಶುರುವಾಯಿತು. ಜಡೆ ಹಾಕುವಾಗ ಕೈ ಎತ್ತಿ ರಿಬ್ಬನ್ ಹಿಡಿದುಕೊಳ್ಳಲು ಆಗುವುದಿಲ್ಲ. ಕಕ್ಕಸಿಗೆ ಕೂತರೆ ನಾನೇ ಹೋಗಿ ಎಬ್ಬಿಸಬೇಕು. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂತು. ಕಾಮಾಲೆ ಎಂದು ಒಂದೂವರೆ ತಿಂಗಳು ಎಣ್ಣೆ, ಉಪ್ಪು, ಖಾರ ಬಿಡಿಸಿ ಪಥ್ಯ ಮಾಡಿಸಿದೆವು. ಸೊಪ್ಪಿನ ಔಷಧಿಯನ್ನೂ ಕುಡಿಸಿದ್ದಾಯಿತು. ಈಗ ಮಕ್ಕಳ ಡಾಕ್ಟರು ಡರ್ಮಟೋಮಯೋಸೈಟಿಸ್ ಇರಬಹುದು, ಎರಡೂ ತೊಡೆಗೆ ಎಂಆರ್‌ಐ ಮಾಡಿಸಿ ಅಂದಿದ್ದಾರೆ. ಬಣ್ಣ ಬಂದಿರುವುದು ಕಣ್ಣಿಗೆ, ಸ್ಕ್ಯಾನ್ ತೊಡೆಗೆ ಯಾಕೆ? ಎಳೇ ಮೈಗೆ ಆ ಕಿರಣ ತಾಗಿಸಬೇಡಿ ಎಂದು ಮಾವನವರು ಹಟ ಹಿಡಿದಿದ್ದಾರೆ.
— ಒಬ್ಬ ತಾಯಿ, ತಿಪಟೂರು

ಉತ್ತರ: ನೋಡಮ್ಮಾ, ಮಾವನವರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ಅವರು ಓದುವುದೇ ಇಲ್ಲ. ಎಂಆರ್‌ಐ ಯಂತ್ರದಲ್ಲಿ ಎಕ್ಸ್-ರೇ ಇಲ್ಲ, ಸಿಟಿ ಸ್ಕ್ಯಾನಿನ ಕಿರಣವೂ ಇಲ್ಲ. ಇರುವುದು ದೊಡ್ಡ ಅಯಸ್ಕಾಂತ ಮತ್ತು ರೇಡಿಯೊ ಅಲೆ. ಹೆದರಬೇಕಾದದ್ದು ಶಬ್ದಕ್ಕೆ. ತಗಡಿನ ಮೇಲೆ ಸುತ್ತಿಗೆಯಲ್ಲಿ ಬಡಿದ ಹಾಗಿರುತ್ತದೆ. ಕಿವಿಗೆ ಮುಚ್ಚಿಗೆ ಕೊಡುತ್ತಾರೆ.

ಇನ್ನು ಆ ಕಾಮಾಲೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಲಿವರಿನಿಂದ (ಯಕೃತ್ತಿನಿಂದ) ಮಾತ್ರ ಬರುತ್ತವೆ ಎಂದುಕೊಂಡವರು ನಮ್ಮ ವೈದ್ಯರಲ್ಲೂ ಇದ್ದಾರೆ. ಮಾಂಸಖಂಡ ಕೆಟ್ಟರೂ ಅವು ಏರುತ್ತವೆ. ಲಿವರಿನ ಬೇರೆ ಪರೀಕ್ಷೆಗಳಾದ ಬಿಲಿರುಬಿನ್, ಜಿಜಿಟಿ ಎರಡೂ ಸರಿಯಾಗಿದ್ದು ಇವೆರಡು ಮಾತ್ರ ಏರಿದ್ದರೆ ಸಿಪಿಕೆ ಎಂಬ, ಸ್ನಾಯುವಿನ ಕಿಣ್ವವನ್ನು ಅಳೆಯುವ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಬೇಕು. ಪಥ್ಯ ಮಾಡಿಸಿ ಮಗುವನ್ನು ಇನ್ನಷ್ಟು ಸೊರಗಿಸಿದ್ದಷ್ಟೇ ಆಯಿತು. ನಿಮ್ಮನ್ನು ಬೈಯುತ್ತಿಲ್ಲ. ಡರ್ಮಟೋಮಯೋಸೈಟಿಸ್ ಎಂದರೆ ಚರ್ಮಕ್ಕೂ ಸ್ನಾಯುವಿಗೂ ಉರಿಯೂತ ಬರುವ ಕಾಯಿಲೆ. ಅದು ಅಪರೂಪ, ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಬರುತ್ತದೆ. ಹುಡುಗಿಯರಲ್ಲಿ ಜಾಸ್ತಿ. ಒಂದು ಊರಿನ ಡಾಕ್ಟರು ಸೇವೆಯಲ್ಲಿ ಇರುವಷ್ಟು ದಿನವೂ ಒಂದನ್ನೂ ನೋಡದೆ ನಿವೃತ್ತಿಯಾಗಬಹುದು.

ಇವತ್ತು ಸಂಜೆ ಬೆಳಕಿರುವಾಗಲೇ ಮಗಳ ಕೈ ಬಿಡಿಸಿ ನೋಡಿ. ಬೆರಳ ಗೆಣ್ಣುಗಳ ಮೇಲೆ ಕೆಂಪು ಒರಟು ಗುಳ್ಳೆ ಇದೆಯೇ? ಉಗುರಿನ ಬುಡದಲ್ಲಿ ಸಣ್ಣ ಕೆಂಪು ಗೆರೆಗಳಿವೆಯೇ? ನೆಲದ ಮೇಲೆ ಕೂರಿಸಿ ಏಳಲು ಹೇಳಿ. ತೊಡೆಯ ಮೇಲೆ ಕೈ ಊರಿ, ತನ್ನ ಮೈಯನ್ನೇ ತಾನು ಹತ್ತಿದ ಹಾಗೆ ಎದ್ದರೆ ಡಾಕ್ಟರಿಗೆ ಹೇಳಿ. ಬೇಕಾದರೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ.

ಕಾಯಿಲೆಗೆ ಹೆಸರು ಇಡುವುದು ಈ ರೆಪ್ಪೆ, ಈ ಗೆಣ್ಣು, ಈ ಏಳುವಿಕೆ. ಎಂಆರ್‌ಐ ಅಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅದೇ ಚಿತ್ರ ಓದಿ ಅನ್ನ ತಿಂದವಳು ನಾನೇ ಹೇಳುತ್ತಿದ್ದೇನೆ. 1975ರಲ್ಲಿ ಬೋಹನ್ ಮತ್ತು ಪೀಟರ್ ಎಂಬ ವೈದ್ಯರು ಈ ಕಾಯಿಲೆಗೆ ಐದು ಗುರುತು ಹಾಕಿಕೊಟ್ಟರು: ಚರ್ಮದ ಬಣ್ಣ, ಸೊಂಟ-ಭುಜದ ಹತ್ತಿರದ ಸ್ನಾಯುಗಳ ನಿಶ್ಶಕ್ತಿ, ರಕ್ತದ ಕಿಣ್ವ, ಇಎಂಜಿ (ಸ್ನಾಯುವಿನ ವಿದ್ಯುತ್ ಪರೀಕ್ಷೆ), ಬಯಾಪ್ಸಿ (ಸ್ನಾಯುವಿನ ತುಣುಕಿನ ಪರೀಕ್ಷೆ). ಅದರಲ್ಲಿ ಎಂಆರ್‌ಐ ಇಲ್ಲ, ಆಗ ಆಸ್ಪತ್ರೆಗಳಲ್ಲಿ ಆ ಯಂತ್ರವೇ ಇರಲಿಲ್ಲ. 2017ರಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರು ಹೊಸ ಪಟ್ಟಿ ಮಾಡಿದಾಗಲೂ ಸೇರಿಸಲಿಲ್ಲ. ಆದರೂ ಮಕ್ಕಳಿಗೆ ಇವತ್ತು ಬಹಳ ಕಡೆ ಮೊದಲು ಕೇಳುವುದು ಅದನ್ನೇ. ಇಎಂಜಿಯಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಬೇಕು, ಬಯಾಪ್ಸಿಗೆ ತುಣುಕು ತೆಗೆಯಬೇಕು. ಏಳು ವರ್ಷದ ಮಗುವಿಗೆ ಅದನ್ನು ತಪ್ಪಿಸಬಹುದಾದರೆ ಯಾರು ಬೇಡ ಎನ್ನುತ್ತಾರೆ?

ತೊಡೆ ಯಾಕೆಂದರೆ, ಈ ಕಾಯಿಲೆ ಸೊಂಟ ಮತ್ತು ತೊಡೆಯ ದೊಡ್ಡ ಖಂಡಗಳನ್ನು ಮೊದಲು ಹಿಡಿಯುತ್ತದೆ. ಉರಿಯೂತ ಇದ್ದ ಕಡೆ ನೀರು ಸೇರುತ್ತದೆ, ನಾವು ಹುಡುಕುವುದು ಆ ನೀರನ್ನು. ಅದೂ ಒಂದೇ ಸಮ ಇರುವುದಿಲ್ಲ. ನಮ್ಮೂರ ಮಳೆ ಒಂದು ಬೀದಿಯಲ್ಲಿ ಸುರಿದು ಪಕ್ಕದ ಬೀದಿ ಒಣಗಿಕೊಂಡೇ ಇರುವುದಿಲ್ಲವೇ, ಹಾಗೆ. ಕಣ್ಣು ಮುಚ್ಚಿಕೊಂಡು ಬಯಾಪ್ಸಿ ಮಾಡಿದರೆ ಒಣಗಿದ ಬೀದಿಯಿಂದ ತುಣುಕು ತೆಗೆದು ‘ಏನೂ ಇಲ್ಲ’ ಎಂದು ವರದಿ ಬರಬಹುದು. ಬಯಾಪ್ಸಿ ಬೇಕೇ ಬೇಕು ಎಂದಾದರೂ ಎಲ್ಲಿಂದ ತೆಗೆಯಬೇಕು ಎಂದು ಚಿತ್ರ ತೋರಿಸುತ್ತದೆ.

ಇಲ್ಲೊಂದು ತಪ್ಪೊಪ್ಪಿಗೆ. 2004ರ ಸುಮಾರಿಗೆ ಒಬ್ಬ ಹುಡುಗನ ತೊಡೆಯ ಎಂಆರ್‌ಐ ನೋಡಿ ‘ನಾರ್ಮಲ್’ ಎಂದು ಬರೆದು ಕಳಿಸಿದ್ದೆ. ಮಕ್ಕಳ ಡಾಕ್ಟರು ಫಿಲ್ಮ್ ಹಿಡಿದುಕೊಂಡು ನಮ್ಮ ಕತ್ತಲೆ ಕೋಣೆಗೇ ಇಳಿದು ಬಂದರು. “ಮೇಡಂ, ಈ ಹುಡುಗ ನೆಲದಿಂದ ಏಳೋಕೇ ಆಗ್ತಿಲ್ಲ, ನೀವು ನಾರ್ಮಲ್ ಅಂತೀರಲ್ಲ!” ಸ್ಕ್ಯಾನಿನಲ್ಲಿ ಟಿ2 ಎಂಬ ಮಾಮೂಲಿ ಬಗೆಯ ಚಿತ್ರದಲ್ಲಿ ನೀರೂ ಬಿಳಿ, ಕೊಬ್ಬೂ ಬಿಳಿ. ಸುಣ್ಣದ ಗೋಡೆಯ ಮೇಲೆ ಸುಣ್ಣದ ಹನಿ ಹುಡುಕಿದ ಹಾಗೆ. ಕೊಬ್ಬನ್ನು ಕಪ್ಪಾಗಿಸಿ ನೀರನ್ನು ಮಾತ್ರ ಬಿಳಿಯಾಗಿ ಉಳಿಸುವ ಇನ್ನೊಂದು ಬಗೆಯಿದೆ, ಅದನ್ನು ಸ್ಟಿರ್ ಎನ್ನುತ್ತೇವೆ. ಆವತ್ತು ಅದನ್ನು ತೆಗೆದಿರಲಿಲ್ಲ. ಮಾರನೆಯ ದಿನ ಮತ್ತೆ ಮಲಗಿಸಿ ತೆಗೆದರೆ ಎರಡೂ ತೊಡೆ ಹೊಳೆಯುತ್ತಿತ್ತು, ಚರ್ಮದ ಕೆಳಗಿನ ಪದರವೂ ಸೇರಿ. ಆ ಡಾಕ್ಟರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆದ್ದರಿಂದ ನಿಮ್ಮ ಡಾಕ್ಟರ ಚೀಟಿಯಲ್ಲಿ ‘ಸ್ಟಿರ್’ ಅಥವಾ ‘ಫ್ಯಾಟ್ ಸಪ್ರೆಸ್ಡ್’ ಎಂದು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಸ್ಕ್ಯಾನ್ ಸೆಂಟರಿನವರನ್ನು ಕೇಳಿ, ಸಂಕೋಚ ಬೇಡ. ಸಾಮಾನ್ಯವಾಗಿ ಚಿತ್ರ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗುವುದಿಲ್ಲ, ಅದನ್ನೂ ಕೇಳಿ.

ಹೋಗುವ ದಿನ ಓಡಾಟ, ವ್ಯಾಯಾಮ ಬೇಡ. ದಣಿದ ಖಂಡದಲ್ಲೂ ಸ್ವಲ್ಪ ಹೊತ್ತು ನೀರು ಕಾಣುತ್ತದೆ. ಕ್ಲಿಪ್ಪು, ಓಲೆ, ಗೆಜ್ಜೆ, ಉಡಿದಾರ ಎಲ್ಲ ಮನೆಯಲ್ಲೇ ತೆಗೆದಿಡಿ. ಉಡಿದಾರ ಬಿಚ್ಚಬಾರದು ಎಂದು ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಅಜ್ಜಿಯರು ನನ್ನೊಡನೆ ಜಗಳವಾಡಿದ್ದು ಲೆಕ್ಕವಿಲ್ಲ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ ನಿಜ, ಆದರೆ ಚಿತ್ರ ಕೆಡುತ್ತದೆ, ತಾಯಿತದೊಳಗೆ ಏನಿದೆಯೋ ಕಟ್ಟಿದವರಿಗೇ ಗೊತ್ತು. ಅರ್ಧ ಗಂಟೆ ಅಲುಗದೆ ಮಲಗಬೇಕು. ನಾಲ್ಕು ದಿನ ಮೊದಲಿನಿಂದ ಮಂಚದ ಕೆಳಗೆ ಮಲಗಿಸಿ, ಪಾತ್ರೆ ಬಡಿಯುತ್ತ ಆಟದಂತೆ ಅಭ್ಯಾಸ ಮಾಡಿಸಿ. ಏಳು ವರ್ಷದವರು ಬಹಳ ಮಂದಿ ಮತ್ತಿನ ಔಷಧಿ ಇಲ್ಲದೆ ಮುಗಿಸಿಬಿಡುತ್ತಾರೆ. ಮೈಮೇಲೆ ಲೋಹ ಇಲ್ಲದಿದ್ದರೆ ನಿಮ್ಮನ್ನೂ ಒಳಗೆ ಕೂರಿಸುತ್ತಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಮಗಳು ಮೂಗಿನಲ್ಲಿ ಮಾತಾಡುತ್ತಿದ್ದರೆ, ನೀರು ಕುಡಿದರೆ ಮೂಗಿಗೆ ಬರುತ್ತಿದ್ದರೆ, ಅನ್ನ ನುಂಗುವಾಗ ಕೆಮ್ಮುತ್ತಿದ್ದರೆ, ಸ್ಕ್ಯಾನಿನ ತಾರೀಕು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಸೇರಿಸಿ. ಗಂಟಲ ಸ್ನಾಯು ಸೋತಿದೆ ಎಂದು ಅರ್ಥ. ಸ್ಕ್ಯಾನಿಗೆ ಮತ್ತಿನ ಔಷಧಿ ಕೊಡುವುದಾದರೆ ಅರಿವಳಿಕೆ ಡಾಕ್ಟರಿಗೂ ಇದು ಗೊತ್ತಿರಬೇಕು. ಸ್ಟೀರಾಯ್ಡ್ ಶುರುವಾಗುವ ಮೊದಲು ಚಿತ್ರ ತೆಗೆದರೆ ಒಳ್ಳೆಯದು, ವಾರಗಟ್ಟಲೆ ಔಷಧಿ ಬಿದ್ದ ಮೇಲೆ ನೀರು ಇಳಿದುಬಿಡುತ್ತದೆ. ಆದರೆ ಚಿತ್ರಕ್ಕೋಸ್ಕರ ಔಷಧಿ ತಡ ಮಾಡಬಾರದು.

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಜ್ವರ, ನೆಗಡಿ ಬಂದು ಹೋಯಿತು. ಮೂರನೇ ದಿನ ಬೆಳಗ್ಗೆ ಮೀನಖಂಡ ಹಿಡಿದುಕೊಂಡು ಅಳುತ್ತ ತುದಿಗಾಲಲ್ಲಿ ನಡೆದ. ಸಿಪಿಕೆ 2,800. ಈಗ ಐದು ದಿನವಾಯಿತು, ಆಡಲು ಹೋಗಿದ್ದಾನೆ. ಎಂಆರ್‌ಐ ಮಾಡಿಸಲೇ?
— ರಾಣೆಬೆನ್ನೂರಿನ ಓದುಗರು

ಉತ್ತರ: ಆಡಲು ಹೋಗಿರುವವನನ್ನು ಯಂತ್ರದೊಳಗೆ ಯಾಕೆ ಮಲಗಿಸುತ್ತೀರಿ ಸ್ವಾಮಿ? ಫ್ಲೂ ಆದ ಮೇಲೆ ಮಕ್ಕಳಿಗೆ ಹೀಗಾಗುವುದುಂಟು, ವಾರದೊಳಗೆ ತಾನಾಗಿ ಹೋಗುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಓಡಿ. ಎರಡು ಮೂರು ವಾರ ಬಿಟ್ಟು ಸಿಪಿಕೆ ಇನ್ನೊಮ್ಮೆ ನೋಡಿಸಿ, ಇಳಿದಿರಬೇಕು. ಇಳಿಯದೆ ಏರಿಯೇ ಇದ್ದರೆ, ಮೀನಖಂಡ ವಯಸ್ಸಿಗೆ ಮೀರಿ ದಪ್ಪವಿದ್ದರೆ, ಅದು ಬೇರೆ ದಾರಿ. ಗಂಡುಮಕ್ಕಳಲ್ಲಿ ಡುಶೆನ್ ಎಂಬ, ಸ್ನಾಯು ಸವೆಯುವ ಹುಟ್ಟು ಕಾಯಿಲೆ ಇರಬಹುದು. ಅದಕ್ಕೆ ನರರೋಗ ತಜ್ಞರನ್ನು ನೋಡಬೇಕು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ಅನುಭವಿಗಳಿದ್ದಾರೆ.

ಪ್ರಶ್ನೆ: ನಮ್ಮ ಅಣ್ಣನ ಮಗಳು ಇದೇ ಡರ್ಮಟೋಮಯೋಸೈಟಿಸ್‌ಗೆ ಒಂದೂವರೆ ವರ್ಷದಿಂದ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದಾಳೆ. ಸಿಪಿಕೆ ಸರಿಯಿದೆ. ಆದರೂ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾಳೆ. ಡಾಕ್ಟರು ಮತ್ತೆ ಎಂಆರ್‌ಐ ಕೇಳಿದ್ದಾರೆ. ದುಡ್ಡು ದಂಡವಲ್ಲವೇ? ಅಲ್ಟ್ರಾಸೌಂಡ್ ಸಾಲದೇ?
— ಕಲಬುರಗಿಯಿಂದ

ಉತ್ತರ: ಈ ಸಲದ ಎಂಆರ್‌ಐ ಮೊದಲಿನದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಿಪಿಕೆ ಸರಿಯಿದ್ದೂ ಒಳಗೆ ಉರಿಯೂತ ಉಳಿದಿರಬಹುದು, ಮಕ್ಕಳಲ್ಲಿ ಇದು ಹೊಸದಲ್ಲ. ನಿಶ್ಶಕ್ತಿಗೆ ಎರಡು ಕಾರಣ ಇರುತ್ತವೆ. ಸ್ಟಿರ್ ಚಿತ್ರ ಇನ್ನೂ ಹೊಳೆಯುತ್ತಿದ್ದರೆ ಬೆಂಕಿ ಆರಿಲ್ಲ, ಡಾಕ್ಟರು ಔಷಧಿ ಬದಲಿಸಬಹುದು, ಏರಿಸಬಹುದು. ಅದು ಕಪ್ಪಾಗಿದ್ದು, ಟಿ1 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಮಾಂಸದ ಜಾಗದಲ್ಲಿ ಕೊಬ್ಬಿನ ಬಿಳಿ ಗೆರೆಗಳಿದ್ದರೆ ಬೆಂಕಿ ಆರಿದೆ, ಉಳಿದಿರುವುದು ಕಲೆ. ಆಗ ಔಷಧಿ ಏರಿಸಿ ಪ್ರಯೋಜನವಿಲ್ಲ, ಫಿಸಿಯೋಥೆರಪಿ ಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಕಂಬಿ ಹಿಡಿದು ಹತ್ತುವ ಹುಡುಗಿ.

ಅಲ್ಟ್ರಾಸೌಂಡ್ ಅಗ್ಗ, ಮಗುವನ್ನು ಮಲಗಿಸುವ ಕಷ್ಟವಿಲ್ಲ. ಕೆಟ್ಟ ಖಂಡ ಅದರಲ್ಲಿ ಬೆಳ್ಳಗೆ ಕಾಣುತ್ತದೆ, ಚರ್ಮದ ಕೆಳಗೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ್ದರೆ ಚೆನ್ನಾಗಿಯೇ ಸಿಗುತ್ತದೆ. ಆದರೆ ನೀರಿಗೂ ಬೆಳ್ಳಗೆ, ಕೊಬ್ಬಿಗೂ ಬೆಳ್ಳಗೆ. ನಿಮಗೆ ಬೇಕಾದ ಉತ್ತರವೇ ಅದರಲ್ಲಿ ಇಲ್ಲ. ಅಲ್ಲದೆ ಅದು ಹಿಡಿದ ಕೈಯನ್ನು ನಂಬಿದ ಪರೀಕ್ಷೆ, ಮಕ್ಕಳ ಸ್ನಾಯು ನೋಡಿ ಪಳಗಿದ ಕೈ ನಮ್ಮಲ್ಲಿ ಕಡಿಮೆ.

ಹೋಗುವಾಗ ಹಳೆಯ ಸಿಡಿ ತೆಗೆದುಕೊಂಡು ಹೋಗಿ, ಬರೀ ವರದಿಯ ಕಾಗದ ಅಲ್ಲ. ಸಾಧ್ಯವಾದರೆ ಹೋದ ಸಲದ ಸೆಂಟರಿಗೇ ಹೋಗಿ. ನನ್ನ ಮುಂದೆ ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ ಹತ್ತು ನಿಮಿಷದಲ್ಲಿ ಹೇಳಬಲ್ಲೆ, ಒಂದೇ ಇದ್ದರೆ ಒಂದು ಗಂಟೆ ನೋಡಿದರೂ ‘ಸ್ವಲ್ಪ ಇದೆ’ ಎನ್ನುವುದಕ್ಕಿಂತ ಹೆಚ್ಚು ಬರೆಯಲಾರೆ.