ಸಂಪಾದಕರ ಉತ್ತರ: ಮಳೆ, ಟಾಸ್ ಮತ್ತು ಸ್ಯಾಂಟ್ನರ್

ಶಿವಮೊಗ್ಗದಿಂದ ಬರೆದ ಓದುಗ ಮಿತ್ರರಿಗೆ,

2024ರ ಟೆಸ್ಟ್ ಕ್ರಿಕೆಟ್ ಸರಣಿಯಲ್ಲಿ ನ್ಯೂಜಿಲೆಂಡ್ ನಮ್ಮ ನೆಲದಲ್ಲೇ ನಮ್ಮನ್ನು 3–0ರಿಂದ ಸೋಲಿಸಿದ್ದನ್ನು, ಅದು ಪಿಚ್‌ಗೆ ತಕ್ಕ ಹೊಂದಾಣಿಕೆಯ ಗೆಲುವೆಂದು ನಾವು ಹೊಗಳಿ ಬರೆದದ್ದು ನಿಮಗೆ ರುಚಿಸಿಲ್ಲ. ‘ಬೆಂಗಳೂರಿನಲ್ಲಿ ಮಳೆ ಗೆಲ್ಲಿಸಿತು, ಪುಣೆ, ಮುಂಬೈಯಲ್ಲಿ ಟಾಸ್ ಗೆಲ್ಲಿಸಿತು. ಅವರದೇನು ಹೆಚ್ಚುಗಾರಿಕೆ?’ ಎಂದು ಕೇಳಿದ್ದೀರಿ.

ಟಾಸ್ ಮಾತು ಒಪ್ಪಿದೆ. ಚೆಂಡು ತಿರುಗುವ ಪಿಚ್ ಮೇಲೆ ಕೊನೆಗೆ ಬ್ಯಾಟ್ ಮಾಡುವವರ ಪಾಡು ನಾಯಿಪಾಡು. ಮಳೆಯ ಮಾತು ಮಾತ್ರ ಒಪ್ಪಲಾರೆ. ಚಿನ್ನಸ್ವಾಮಿಯಲ್ಲಿ ಟಾಸ್ ಗೆದ್ದವರು ರೋಹಿತ್. ಮೋಡ ಕವಿದಿದ್ದರೂ ಬ್ಯಾಟಿಂಗ್ ಆರಿಸಿ, ನಾವು 46ಕ್ಕೆ ಗಂಟುಮೂಟೆ ಕಟ್ಟಿದೆವು. ಪಿಚ್ ಅಂದಾಜು ತಪ್ಪಿತೆಂದು ಅವರೇ ಹೇಳಿಕೊಂಡರು. ಮಳೆ ಪಾಪ, ಏನು ಮಾಡೀತು?

ನಾನು ಈ ಸರಣಿಯ ಲೆಕ್ಕವನ್ನು ಶ್ರೀಲಂಕಾದ ಗಾಲೆಯಿಂದ ಹಿಡಿಯುತ್ತೇನೆ. ಬೆಂಗಳೂರಿಗೆ ಬರುವ ಮೂರು ವಾರ ಮೊದಲು ಇದೇ ತಂಡ ಅಲ್ಲಿ ಶ್ರೀಲಂಕಾದ 602ಕ್ಕೆ ಎದುರಾಗಿ 88ಕ್ಕೆ ಕುಸಿದಿತ್ತು. ಫಾಲೋಆನ್ ಪಡೆದು, ಅಂದರೆ ಭಾರಿ ಹಿನ್ನಡೆಯಿಂದಾಗಿ ಕೂಡಲೇ ಎರಡನೇ ಇನಿಂಗ್ಸ್‌ಗೆ ಇಳಿದು, ಮತ್ತೆ ಆಡಿದಾಗ 360 ಮಾಡಿತು; ಫಿಲಿಪ್ಸ್ 78, ಸ್ಯಾಂಟ್ನರ್ 67. ಪಂದ್ಯ ಇನಿಂಗ್ಸ್ ಅಂತರದಲ್ಲಿ ಹೋಯಿತು, ಸರಣಿ 2–0ರಲ್ಲಿ ಹೋಯಿತು, ಟಿಮ್ ಸೌಥಿ ನಾಯಕತ್ವ ಬಿಟ್ಟರು, ಟಾಮ್ ಲೇಥಮ್ ಬಂದರು. ಅದೇ ಪಂದ್ಯ, ಅದೇ ಬೌಲರ್‌ಗಳು, ಆದರೂ 88 ಹೋಗಿ 360 ಆಯಿತಲ್ಲ, ನಾನು ಹೊಂದಾಣಿಕೆ ಎಂದದ್ದು ಇದಕ್ಕೇ. ನಮ್ಮಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ನಾನೂ 88 ನೋಡಿ ನಕ್ಕವನೇ.

‘ನಮ್ಮ ಹುಡುಗನೇ ನಮಗೆ ಹೊಡೆದ’ ಎಂದು ರಚಿನ್ ರವೀಂದ್ರ ಬಗ್ಗೆ ಕೊರಗಿದ್ದೀರಿ. ಅಪ್ಪ ಅಮ್ಮ ಬೆಂಗಳೂರಿನವರು ನಿಜ, ಆದರೆ ಹುಟ್ಟಿ ಬೆಳೆದದ್ದು ವೆಲ್ಲಿಂಗ್ಟನ್‌ನಲ್ಲಿ. ಸ್ಪಿನ್ ಆಡುವುದು ರಕ್ತದಲ್ಲಿ ಬರುವುದಿಲ್ಲ ಸ್ವಾಮಿ. ಪ್ರವಾಸಕ್ಕೆ ಮೊದಲು ಚೆನ್ನೈಗೆ ಬಂದು ಕೆಂಪು ಮಣ್ಣು, ಕಪ್ಪು ಮಣ್ಣು ಎರಡರ ಪಿಚ್ ಮೇಲೂ ಅಭ್ಯಾಸ ಮಾಡಿದ್ದರು. ಕೆಂಪು ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ಕಪ್ಪು ಮಣ್ಣಿನಲ್ಲಿ ತಗ್ಗಿ ನಿಧಾನವಾಗಿ ಬರುತ್ತದೆ. ಬೆಂಗಳೂರಿನ ಆ 134 ರನ್ ಹಾಗೆ ಗಳಿಸಿದ್ದು.

ಪುಣೆಗೆ ಬರೋಣ. ಅಲ್ಲಿಯವರೆಗೆ ಟೆಸ್ಟ್‌ನಲ್ಲಿ ಒಂದು ಇನಿಂಗ್ಸ್‌ಗೆ ಐದು ವಿಕೆಟ್ ಕಂಡಿರದ ಎಡಗೈ ಸ್ಪಿನ್ನರ್ ಸ್ಯಾಂಟ್ನರ್ 53 ರನ್‌ಗೆ 7 ವಿಕೆಟ್, ಆಮೇಲೆ 104ಕ್ಕೆ 6 ಕಿತ್ತರು. ಚೆಂಡನ್ನು ಮಾರುದ್ದ ತಿರುಗಿಸಿದ್ದೇನೂ ಇಲ್ಲ. ವೇಗ ಏರಿಳಿಸಿದರು, ಅಷ್ಟೆ. ಒಂದು ತಿರುಗುತ್ತದೆ, ಇನ್ನೊಂದು ನೇರ ಬರುತ್ತದೆ. ಯಾವುದೆಂದು ಪಿಚ್‌ಗೇ ಗೊತ್ತಿಲ್ಲದಿದ್ದರೆ ಬ್ಯಾಟರ್‌ಗೆ ಹೇಗೆ ಗೊತ್ತಾಗಬೇಕು? ಅಶ್ವಿನ್‌ಗೂ ಸ್ಯಾಂಟ್ನರ್‌ಗೂ ಇರುವ ಅಂತರವನ್ನು ಅಂಥ ಪಿಚ್ ಅಳಿಸಿಹಾಕುತ್ತದೆ. ಆದರೂ ಕೊಹ್ಲಿ ಬೌಲ್ಡ್ ಆದದ್ದು ಫುಲ್‌ಟಾಸ್‌ಗೆ, ಅಂದರೆ ನೆಲಕ್ಕೆ ತಾಗದೆ ನೇರ ಬಂದ ಚೆಂಡಿಗೆ. ಅದಕ್ಕೆ ಪಿಚ್ಚನ್ನು ದೂರುವಂತಿಲ್ಲ.

ಮುಂಬೈಯ ವಾಂಖೆಡೆ ಮೈದಾನದ ಬಗ್ಗೆ ಒಂದೇ ಮಾತು. ಮುಂಬೈಯಲ್ಲೇ ಹುಟ್ಟಿದ ನ್ಯೂಜಿಲೆಂಡ್ ಸ್ಪಿನ್ನರ್ ಎಜಾಜ್ ಪಟೇಲ್ 2021ರಲ್ಲಿ ಅಲ್ಲಿ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ಪಡೆದು 372 ರನ್‌ಗಳಿಂದ ಸೋತಿದ್ದರು, ಏಕೆಂದರೆ ಅವರ ಬ್ಯಾಟರ್‌ಗಳು 62ಕ್ಕೆ ಉದುರಿದ್ದರು. 2024ರಲ್ಲಿ ಎಜಾಜ್‌ಗೆ ಪಂದ್ಯದಲ್ಲಿ 11 ವಿಕೆಟ್. ನಮಗೆ ಬೇಕಿದ್ದದ್ದು 147, ಮಾಡಿದ್ದು 121.