‘ತೆರೆಯ ಮೇಲಿನ ಪುರಾಣ’ ಲೇಖನವನ್ನು ಕುರಿತು

ಮಾನ್ಯರೇ,

ನೀವು ಕಳಿಸಿದ ‘ತೆರೆಯ ಮೇಲಿನ ಪುರಾಣ’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಕಾರಣಗಳನ್ನು ತುಸು ವಿವರವಾಗಿ ಬರೆಯುತ್ತಿರುವುದು, ಅದನ್ನು ತಿದ್ದಿ ಬರೆಯುವ ಶಕ್ತಿ ನಿಮಗಿದೆ ಎಂದು ಅನ್ನಿಸಿದ್ದರಿಂದ.

ಗ್ರೀಕ್ ತತ್ತ್ವಜ್ಞಾನಿಗಳಾದ ಪ್ಲೇಟೋ, ಅರಿಸ್ಟಾಟಲ್, ಪುರಾಣಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ ಮೂವರನ್ನೂ ಜೊತೆಗಿಟ್ಟುಕೊಂಡು ನೀವು ಹತ್ತಾರು ಜನಪ್ರಿಯ ಚಿತ್ರಗಳನ್ನು ಹಾದುಹೋಗುತ್ತೀರಿ. ಪ್ರತಿಯೊಂದರ ಬಗ್ಗೆಯೂ ‘ಇದು ಅದರಂತೆಯೇ ಇದೆ’ ಎಂದು ಹೇಳಿ ಮುಂದಿನದಕ್ಕೆ ಹೊರಡುತ್ತೀರಿ. ಹೋಲಿಕೆ ನಿಜವೇ ಇರಬಹುದು. ಆದರೆ ಅದರಿಂದ ಚಿತ್ರದ ಬಗ್ಗೆಯಾಗಲಿ ತತ್ತ್ವದ ಬಗ್ಗೆಯಾಗಲಿ ಓದುಗರಿಗೆ ಹೊಸದಾಗಿ ತಿಳಿದದ್ದೇನು?

‘ದ ಮೇಟ್ರಿಕ್ಸ್’ (1999) ಚಿತ್ರವನ್ನೇ ತೆಗೆದುಕೊಳ್ಳೋಣ. ಪ್ಲೇಟೋನ ‘ರಿಪಬ್ಲಿಕ್’ ಕೃತಿಯ ಏಳನೆಯ ಭಾಗದಲ್ಲಿ ಬರುವ ಗುಹೆಯ ಕೈದಿಗಳು ಗೋಡೆಯ ಮೇಲಿನ ನೆರಳುಗಳನ್ನೇ ಸತ್ಯವೆಂದು ನಂಬಿರುತ್ತಾರೆ, ಯಂತ್ರಗಳು ಸೃಷ್ಟಿಸಿದ ಭ್ರಮಾಲೋಕದಲ್ಲಿ ಬದುಕುವ ಚಿತ್ರದ ಜನರೂ ಹಾಗೆಯೇ ಎಂದು ಬರೆದು ನೀವು ನಿಲ್ಲಿಸಿದ್ದೀರಿ. ಪ್ಲೇಟೋನ ಕೈದಿ ಹೊರಬಂದಾಗ ಅವನ ಕಣ್ಣು ನೋಯುತ್ತದೆ, ಆದರೆ ಕೊನೆಗೆ ಅವನಿಗೆ ಸೂರ್ಯ ಕಾಣುತ್ತಾನೆ. ಆ ಸೂರ್ಯ ಒಳಿತಿನ ಪ್ರತೀಕ. ಚಿತ್ರದ ನಾಯಕ ನಿಯೋ ಆ ಭ್ರಮೆಯಿಂದ ಎಚ್ಚರಗೊಳ್ಳುವ ಲೋಕದಲ್ಲಾದರೋ ಸೂರ್ಯನೇ ಇಲ್ಲ. ಯಂತ್ರಗಳೊಂದಿಗಿನ ಯುದ್ಧದಲ್ಲಿ ಮನುಷ್ಯರೇ ಆಕಾಶವನ್ನು ಸುಟ್ಟು ಕಪ್ಪಾಗಿಸಿದ್ದಾರೆ. ಅಂದರೆ ಇಲ್ಲಿ ಸತ್ಯವು ನೆರಳಿಗಿಂತ ಹೀನವಾದ ಬದುಕನ್ನು ಕೊಡುತ್ತದೆ. ತಟ್ಟೆಯಲ್ಲಿರುವ ಮಾಂಸ ಸುಳ್ಳೆಂದು ತಿಳಿದೂ ಅದನ್ನು ಸವಿಯುತ್ತ, ನೆನಪನ್ನೆಲ್ಲ ಅಳಿಸಿ ಮರಳಿ ಆ ಭ್ರಮೆಯ ಒಳಗೇ ಬಿಡಿ ಎಂದು ಬೇಡುವ ನಿಯೋನ ಸಂಗಡಿಗ ಸೈಫರ್‌ನನ್ನು ನೀವು ‘ದ್ರೋಹಿ’ ಎಂಬ ಒಂದು ಪದದಲ್ಲಿ ಮುಗಿಸಿದ್ದೀರಿ. ಸತ್ಯ ಸುಖ ಕೊಡದಿದ್ದರೂ ಅದನ್ನೇ ಏಕೆ ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಎತ್ತುವವನು ಅವನೇ. ಸತ್ಯವನ್ನೂ ಒಳಿತನ್ನೂ ಒಂದೇ ದಾರಿಯಲ್ಲಿಟ್ಟ ಪ್ಲೇಟೋನಿಗೆ ಆ ಪ್ರಶ್ನೆ ಇಷ್ಟು ಕಠಿಣವಾಗಿ ಎದುರಾಗುವುದಿಲ್ಲ. ನಿಮ್ಮ ಲೇಖನ ಆರಂಭವಾಗಬೇಕಿದ್ದುದು ಇಲ್ಲಿಂದ.

ಕ್ಯಾಂಪ್‌ಬೆಲ್ ಭಾಗದಲ್ಲಿ ವಾಸ್ತವದ ದೋಷವೂ ಇದೆ. ನೀವು ಅವರ ಹೆಸರಿನಲ್ಲಿ ಕೊಟ್ಟಿರುವ ‘ನಾಯಕನ ಪಯಣ’ದ, ಅಂದರೆ ನಾಯಕ ಮನೆ ಬಿಟ್ಟು ಸಾಹಸ ಮಾಡಿ ಮರಳುವ ಕಥೆಯ, 12 ಹಂತಗಳ ಪಟ್ಟಿ ಕ್ರಿಸ್ಟೋಫರ್ ವೋಗ್ಲರ್ ಚಿತ್ರಕಥೆಗಾರರಿಗಾಗಿ ಸರಳಗೊಳಿಸಿದ್ದು. ಕ್ಯಾಂಪ್‌ಬೆಲ್ಲರ 1949ರ ಪುಸ್ತಕದಲ್ಲಿ ಇರುವುದು 17 ಹಂತಗಳು. ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ‘ಸ್ಟಾರ್ ವಾರ್ಸ್’ (1977) ನಿರ್ದೇಶಕ ಜಾರ್ಜ್ ಲ್ಯೂಕಾಸ್ ಕ್ಯಾಂಪ್‌ಬೆಲ್ಲರ ಋಣವನ್ನು ಬಹಿರಂಗವಾಗಿಯೇ ಒಪ್ಪಿಕೊಂಡಿದ್ದಾರೆ, ಆಮೇಲೆ ಆ ಮಾದರಿ ಚಿತ್ರಕಥೆಯ ಪಾಠವೇ ಆಯಿತು. ಅಚ್ಚಿನಲ್ಲಿ ಹಾಕಿ ತೆಗೆದ ಇಟ್ಟಿಗೆ ಅದೇ ಅಚ್ಚಿಗೆ ಸರಿಹೊಂದಿದರೆ ಅದು ಆಶ್ಚರ್ಯವಲ್ಲ. ಇಂಥ ಚಿತ್ರಗಳಲ್ಲಿ ಪುರಾಣದ ನಾಯಕ ಸಿಕ್ಕಿದನೆಂದು ಸಂಭ್ರಮಿಸುವ ಮೊದಲು, ಅವನನ್ನು ಅಲ್ಲಿ ತಂದು ಕೂರಿಸಿದವರು ಯಾರು ಎಂದು ಕೇಳಬೇಕಿತ್ತು.

ಅರಿಸ್ಟಾಟಲ್ ನಿಮ್ಮ ಲೇಖನಕ್ಕೆ ಅಲಂಕಾರವಾಗಿ ಮಾತ್ರ ಬಂದಿದ್ದಾನೆ, ಬಿಡಬಹುದು. ನಾಯಕ ಒಬ್ಬನೇ ಆದ ಮಾತ್ರಕ್ಕೆ ಕಥೆಗೆ ಏಕತೆ ಬರುವುದಿಲ್ಲ ಎಂಬ ಅವನ ಮಾತನ್ನು ಮಾತ್ರ ಇಟ್ಟುಕೊಳ್ಳಿ. ಅದು ಲೇಖನಗಳಿಗೂ ಅನ್ವಯಿಸುತ್ತದೆ.

ನಿಜವಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕರ್ಣನ ಕಥೆಯನ್ನು ಇಂದಿನ ಕಾಲಕ್ಕೆ ತಂದ ಮಣಿರತ್ನಂ ಅವರ ತಮಿಳು ಚಿತ್ರ ‘ದಳಪತಿ’ (1991) ಕುರಿತ ನಿಮ್ಮ ನಾಲ್ಕು ಸಾಲುಗಳು. ಕರ್ಣನ ಸ್ಥಾನದಲ್ಲಿರುವವನು ಇಲ್ಲಿ ಬದುಕುಳಿಯುತ್ತಾನೆ, ತಾಯಿ ಅವನಿಗೆ ಮರಳಿ ದಕ್ಕುತ್ತಾಳೆ, ಸಾಯುವವನು ದುರ್ಯೋಧನನ ಸ್ಥಾನದ ಗೆಳೆಯ ಎಂದು ಗುರುತಿಸಿದ್ದೀರಿ. ಕರ್ಣನನ್ನು ಸಾವಿನಿಂದ ಬಿಡಿಸಿದರೆ ಅವನ ದುರಂತದಲ್ಲಿ ಏನು ಉಳಿಯುತ್ತದೆ? ಋಣ ತೀರಿಸುವ ಹೊರೆ ಅವನಿಂದ ಗೆಳೆಯನ ಹೆಗಲಿಗೆ ಜಾರಿತೇ? ಜನಪ್ರಿಯ ಚಿತ್ರವೊಂದು ತನ್ನ ನಾಯಕನನ್ನು ಉಳಿಸಿಕೊಳ್ಳಲೇಬೇಕಾದ ಒತ್ತಡದಿಂದ ಹೀಗಾಯಿತೇ, ಅಥವಾ ಮಹಾಭಾರತ ಅವನಿಗೆ ಮಾಡಿದ ಅನ್ಯಾಯವನ್ನು ಸರಿಪಡಿಸುವ ಆಸೆಯಿಂದಲೇ? ಈ ಪ್ರಶ್ನೆಗಳ ಹೊಸ್ತಿಲಿನವರೆಗೂ ಬಂದು ನೀವು ಮುಂದಿನ ಚಿತ್ರಕ್ಕೆ ಹೊರಟುಬಿಟ್ಟಿರಿ.

ಉಳಿದ ಚಿತ್ರಗಳನ್ನೆಲ್ಲ ಕೈಬಿಟ್ಟು ಈ ಒಂದನ್ನೇ ಕುರಿತು 1,500 ಪದಗಳ ಒಳಗೆ ಹೊಸದಾಗಿ ಬರೆದು ಕಳಿಸಿ. ಬರೆಯುವ ಮೊದಲು ಕರ್ಣಪರ್ವವನ್ನೂ ಕುಂತಿ ಕರ್ಣನನ್ನು ಕಾಣಲು ಹೋಗುವ ಉದ್ಯೋಗಪರ್ವದ ಪ್ರಸಂಗವನ್ನೂ ಮತ್ತೊಮ್ಮೆ ಓದಿಕೊಳ್ಳಿ. ಚಿತ್ರದ ಕಥೆಯನ್ನು ಆರಂಭದಿಂದ ಹೇಳುತ್ತ ಹೋಗಬೇಡಿ.

ವಿಶ್ವಾಸದಿಂದ,
ಸಂಪಾದಕ