ಎಲ್ಲದಕ್ಕೂ ಒಂದು ತೀರ್ಪು

ಪ್ರಶ್ನೆ: ಪುಂಡಿಪಲ್ಯದ ಹುಳಿಯಿಂದ ಹಿಡಿದು ಪಕ್ಕದ ಮನೆ ಗೇಟಿನ ಬಣ್ಣದವರೆಗೆ ನಮ್ಮ ಯಜಮಾನರಿಗೆ ಎಲ್ಲದರ ಬಗ್ಗೆಯೂ ಗಟ್ಟಿ ಅಭಿಪ್ರಾಯ. ನನ್ನನ್ನು ಕೇಳಿದರೆ ‘ಏನೋ, ಗೊತ್ತಿಲ್ಲ’ ಅಂತೀನಿ. ನಾನು ದಡ್ಡಿ ಏನು?
– ಓದುಗರು, ಕಲಬುರಗಿ

ಉತ್ತರ: ದಡ್ಡತನ ಅಲ್ಲ ಅಕ್ಕಾ, ಸ್ವಭಾವ. ಕಂಡದ್ದಕ್ಕೆಲ್ಲ ಒಳ್ಳೇದು, ಕೆಟ್ಟದ್ದು ಅಂತ ಚೀಟಿ ಅಂಟಿಸುವ ಚಾಳಿ ಕೆಲವರಿಗೆ ಜಾಸ್ತಿ. ಇದನ್ನು ಅಳೆಯೋಕೆ ಅಮೆರಿಕದ ಮನೋವಿಜ್ಞಾನಿಗಳಾದ ಜಾರ್ವಿಸ್ ಮತ್ತು ಪೆಟ್ಟಿ 1996ರಲ್ಲಿ 16 ಹೇಳಿಕೆಗಳ ಪಟ್ಟಿಯನ್ನೇ ಮಾಡಿದರು. ಅದರಲ್ಲಿ ಹೆಚ್ಚು ಅಂಕ ಬಂದವರು ಗೊತ್ತಿಲ್ಲದ ಚಿತ್ರ ತೋರಿಸಿದರೂ, ಸುಮ್ನೆ ನಿಮ್ಮ ಒಂದು ದಿನ ಹೇಗಿರುತ್ತೆ ಬರೀರಿ ಅಂದರೂ, ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋದನ್ನೇ ಜಾಸ್ತಿ ಬರೆದರು. ಆಳವಾಗಿ ಯೋಚಿಸುವ ಹಂಬಲ ಬೇರೆ, ಅದಕ್ಕೆ ಬೇರೆ ಪಟ್ಟಿಯೇ ಇದೆ (ಯಜಮಾನರಿಗೆ ಇದನ್ನು ಓದಿ ಹೇಳಬೇಡಿ, ಅದಕ್ಕೂ ಅವರದೊಂದು ಅಭಿಪ್ರಾಯ ಬರುತ್ತೆ). ನಾಳೆ ಪಲ್ಯ ಹುಳಿ ಅಂದರೆ ಇನ್ನೊಂದು ರೊಟ್ಟಿ ಬಡಿಸಿ.